ಒಳನಾಡಿನ ಅಂಚಿನಲ್ಲಿ ಒಂದು ತಾಲ್ಲೂಕು: ಪಾವಗಡದ ಪ್ರಕರಣ ಅಧ್ಯಯನ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಿಡಿಗೇಶಿಗಳ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ನಡುವೆ ಓಡಾಡಿದರೂ ಮಧ್ಯದಲ್ಲಿ ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ನೆಲವನ್ನು ಹಾಯ್ದೇ ಹೋಗಬೇಕು. ಕಿಟಕಿಯಾಚೆ ಏನೂ ಬದಲಾಗುವುದಿಲ್ಲ. ಅದೇ ಬೋಳು ಬಂಡೆಗುಡ್ಡಗಳು, ಅದೇ ಕೆಂಪು ಮರಳು ಮಣ್ಣಿನ ಹೊಲಗಳು, ಸಾಲಾಗಿ ನಿಂತ ಅದೇ ಹುಣಸೆ ಮತ್ತು ಹೊಂಗೆ. ಬದಲಾಗುವುದು ಮೈಲಿಗಲ್ಲಿನ ಅಕ್ಷರ ಮಾತ್ರ, ಅದೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕನ್ನಡವಾಗುತ್ತದೆ. ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ಪಾವಗಡ, ತುಮಕೂರು ಜಿಲ್ಲೆಯ ಉತ್ತರದ ಕೊನೆಯ ತಾಲ್ಲೂಕು. ಮೂರು ದಿಕ್ಕಿನಲ್ಲಿ ಅದನ್ನು ಆಂಧ್ರ ಸುತ್ತುವರಿದಿದೆ. ಕರ್ನಾಟಕದ ಉಳಿದ ಭಾಗದೊಡನೆ ಅದಕ್ಕಿರುವ ನೆಲದ ನಂಟು ಪಶ್ಚಿಮಕ್ಕೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆಗೆ ಉಳಿದ ಒಂದು ಕಿರಿದಾದ ಕೊಂಡಿ.

ಒಳನಾಡು ಎಂದಾಗ ನಮ್ಮ ಮನಸ್ಸಿಗೆ ಬರುವುದು ಗಡಿಯಿಂದಲೂ ಕಡಲಿನಿಂದಲೂ ದೂರವಾದ, ನಾಡಿನ ನಡುವೆ ನೆಮ್ಮದಿಯಾಗಿ ಕುಳಿತ ಪ್ರದೇಶ. ಪಾವಗಡ ಆ ಕಲ್ಪನೆಯನ್ನು ತಿರುವುಮುರುವಾಗಿಸುತ್ತದೆ. ದಕ್ಷಿಣ ಪ್ರಸ್ಥಭೂಮಿಯ ಒಳಹೊಟ್ಟೆಯಲ್ಲಿರುವ ಈ ತಾಲ್ಲೂಕಿಗೆ ಕಡಲು ಎಷ್ಟು ದೂರವೋ ಗಡಿ ಅಷ್ಟು ಹತ್ತಿರ. ಒಂದು ಒಳನಾಡು ಹೇಗೆ ಅಂಚಾಗಿ ಹೋಗುತ್ತದೆ, ಹಾಗಾದ ಮೇಲೆ ಅದರ ಗುರುತನ್ನು ಯಾರು ಬರೆಯುತ್ತಾರೆ ಎಂಬುದನ್ನು ನೋಡುವುದಕ್ಕೆ ಬಯಲುಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಹೆಸರುಗಳು

ಕನ್ನಡದಲ್ಲಿ ನಾಡಿನ ತಿರುಳು ಎಂಬ ಕಲ್ಪನೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಹರಡಿ ತೋರಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಸೀಮೆಯನ್ನು ಕನ್ನಡದ ತಿರುಳೆಂದು ಗುರುತಿಸಿತು. ಇಂದಿನ ಲೆಕ್ಕದಲ್ಲಿ ಅದು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸುತ್ತಿನ ಪ್ರದೇಶ. ಆ ತಿರುಳು ಭಾಷೆಯದು. ಅದರ ಅಳತೆಯಲ್ಲಿ ಪಾವಗಡ ಸಿಪ್ಪೆಗೆ ಹತ್ತಿರವಾದ ಜಾಗ, ಎರಡು ಭಾಷೆಗಳು ಒಂದನ್ನೊಂದು ಮುಟ್ಟುವ ಜಾಗ.

ನೆಲದ ಅಳತೆಯಲ್ಲಿ ಇದು ಬಯಲುಸೀಮೆ. ಆ ಹೆಸರು ಕೂಡ ಮಲೆನಾಡಿನ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅರ್ಥ ಪಡೆಯುತ್ತದೆ. ಮಲೆ ಇಲ್ಲದ್ದು, ಮರ ಇಲ್ಲದ್ದು, ತೆರೆದುಕೊಂಡಿದ್ದು ಬಯಲು. ಮೊಘಲರು 1687ರಲ್ಲಿ ಸಿರಾವನ್ನು ಕೇಂದ್ರವಾಗಿಸಿಕೊಂಡು ಈ ಭಾಗವನ್ನು ಆಳತೊಡಗಿದಾಗ ಅವರ ದಫ್ತರಗಳಲ್ಲಿ ಇದು ಕರ್ನಾಟಕ ಬಾಲಾಘಾಟ್ ಆಯಿತು, ಎಂದರೆ ಘಟ್ಟದ ಮೇಲಿನ ಕರ್ನಾಟಕ. ಕೆಳಗಿನ ಪಾಯನ್‌ಘಾಟ್ ಇದ್ದುದರಿಂದ ಇದು ಮೇಲಿನದಾಯಿತು. ಬೆಂಗಳೂರಿನ ಕಚೇರಿಗಳಿಗೆ ಇದು ಬರಪೀಡಿತ ತಾಲ್ಲೂಕು. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಪಟ್ಟಿಯಲ್ಲಿ ಇದು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಒಂದು. ಈ ಹೆಸರುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಎಲ್ಲವೂ ಬೇರೊಂದು ಕಡೆ ನಿಂತು, ಇಲ್ಲಿ ಏನಿಲ್ಲ ಎಂಬುದನ್ನು ನೋಡಿ ಇಟ್ಟ ಹೆಸರುಗಳು. ಪಾವಗಡದ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ಬಂಡೆ, ಮಳೆ, ಹೊಳೆ

ಈ ಸೀಮೆಯ ಬೆನ್ನುಮೂಳೆ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಕರೆಯಲಾಗುವ ಈ ಬಂಡೆಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಸೀಳಿಕೊಂಡು ಬಳ್ಳಾರಿಯ ಕಡೆಗೆ ಹೋಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವೂ ಪಾವಗಡದ ಕೋಟೆ ಬೆಟ್ಟವೂ ಈ ನೆಲದ ಮಕ್ಕಳು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಗಟ್ಟಿ ಕಲ್ಲಿಗೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ, ಅಷ್ಟೆ. ತೆರೆದ ಬಾವಿಗಳ ಕಾಲದಲ್ಲಿ ಜನ ಮೇಲಿನ ಪದರವನ್ನು ನಂಬಿದ್ದರು. ಕೊಳವೆ ಬಾವಿ ಬಂದ ಮೇಲೆ ಬಿರುಕುಗಳನ್ನು ಹುಡುಕುತ್ತ ನೂರಾರು ಅಡಿ ಇಳಿದರು. ಅಷ್ಟು ಆಳದ ನೀರು ಕಲ್ಲಿನೊಡನೆ ಬಹುಕಾಲ ಸಂಗ ಮಾಡಿದ ನೀರು. ಗ್ರಾನೈಟಿನ ಖನಿಜಗಳಲ್ಲಿರುವ ಫ್ಲೋರೈಡ್ ಅದರೊಳಗೆ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ದಾಟಿದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳು, ನಡುವಯಸ್ಸಿಗೇ ಬಿಗಿದ ಮಂಡಿ ಮತ್ತು ಬಾಗಿದ ಬೆನ್ನು ಇಲ್ಲಿನ ಭೂಗೋಳವನ್ನು ದೇಹದಲ್ಲೇ ಬರೆದು ತೋರಿಸುತ್ತವೆ.

ಮಳೆಯ ಕತೆಯೂ ಕಲ್ಲಿನ ಕತೆಯಷ್ಟೇ ಕಠಿಣ. ನೈಋತ್ಯ ಮುಂಗಾರು ತನ್ನ ಸಂಪತ್ತನ್ನು ಪಶ್ಚಿಮ ಘಟ್ಟದ ಮೇಲೆ ಸುರಿದು, ಬರಿಗೈಯ ಗಾಳಿಯಾಗಿ ಇಲ್ಲಿಗೆ ಬರುತ್ತದೆ. ಬಂಗಾಳ ಕೊಲ್ಲಿಯಿಂದ ಹೊರಡುವ ಹಿಂಗಾರು ಪೂರ್ವದ ಬೆಟ್ಟಗಳನ್ನು ದಾಟಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಜೂನ್ ಜುಲೈನಲ್ಲಿ ಕಡಲೆಕಾಯಿ ಬಿತ್ತಿ, ನಡುವೆ ತೊಗರಿ ಅವರೆಗಳ ಅಕ್ಕಡಿ ಸಾಲು ಇಟ್ಟು, ಹೂಡು ಕಟ್ಟುವ ಹೊತ್ತಿಗೆ ಒಂದು ಹದ ಮಳೆ ಬಂದರೆ ಬೆಳೆ, ಬಾರದಿದ್ದರೆ ದನಕ್ಕೆ ಮೇವು ಎಂಬುದು ಇಲ್ಲಿನ ಬೇಸಾಯದ ಲೆಕ್ಕ. ಅಕ್ಕಡಿ ಸಾಲು ಎಂಬುದು ಹಳೆಯ ರೂಢಿ ಮಾತ್ರವಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ಅನಿಶ್ಚಿತ ಮಳೆಯ ವಿರುದ್ಧ ಕಟ್ಟಿಕೊಂಡ ವಿಮೆ ಅದು.

ಹೊಳೆ ಇಲ್ಲವೆಂದಲ್ಲ. ಚಿಕ್ಕಬಳ್ಳಾಪುರದ ನಂದಿಯ ಬಳಿಯ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಆಂಧ್ರವನ್ನು ಹೊಕ್ಕು, ಅಲ್ಲಿಂದ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕದೊಳಗೆ ಬಂದು, ಪುನಃ ಆಂಧ್ರಕ್ಕೆ ಹೊರಟು, 597 ಕಿಲೋಮೀಟರ್ ನಡೆದು ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯೂ ಆಂಧ್ರದ ನೆಲದಲ್ಲಿ ಅದನ್ನೇ ಸೇರುತ್ತದೆ. ರಾಜ್ಯದ ಗಡಿಯನ್ನು ಹೊಲಿಗೆಯ ದಾರದಂತೆ ಒಳಹೊರಗೆ ದಾಟುವ ಈ ಹೊಳೆ ವರ್ಷದ ಬಹುಪಾಲು ಮರಳಿನ ಹಾಸು. ಅದು ಹಾಗಾದದ್ದಕ್ಕೆ ಮಳೆಯೊಂದೇ ಕಾರಣವಲ್ಲ. 1892ರಲ್ಲಿ ಮೈಸೂರು ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಮಾಡಿಕೊಂಡ ಒಪ್ಪಂದದ ಪ್ರಕಾರ, ಪಟ್ಟಿ ಮಾಡಿದ ನದಿಗಳಿಗೆ ಅಡ್ಡಲಾಗಿ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವಭಾಗಗಳು ನದಿಗಳನ್ನು ಹಡೆದು ಬಿಟ್ಟುಕೊಡುವ ತವರಾಗಿ ಉಳಿದುದರಲ್ಲಿ ಆ ಒಂದು ಸಹಿಯ ಪಾಲು ಸಣ್ಣದಲ್ಲ.

ಉಳಿದದ್ದು ಕೆರೆ. ಕೋಡಿ ಬಿದ್ದ ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿ, ಅದರ ರಾಜಕಾಲುವೆ, ತೂಬು, ಏರಿಯ ಮೇಲಿನ ದೇವತೆ, ತೂಬು ತೆಗೆಯುವ ನೀರಗಂಟಿ, ಇವಿಷ್ಟೂ ಸೇರಿ ಈ ಒಳನಾಡಿಗೆ ಒಂದು ನಾಗರಿಕತೆಯನ್ನು ಕೊಟ್ಟವು. ಊರಿನ ಹೆಸರುಗಳೇ ಅದಕ್ಕೆ ಸಾಕ್ಷಿ. ಪಾವಗಡದ ಉತ್ತರಕ್ಕೆ ರಾಯಚೆರ್ಲು ಇದೆ, ಕ್ಯಾತಗಾನಚೆರ್ಲು ಇದೆ, ಬಾಲಸಮುದ್ರ ಇದೆ. ತೆಲುಗಿನ ಚೆರುವು ಎಂದರೆ ಕೆರೆ. ಚೆರ್ಲು ಅದರ ಬಹುವಚನದ ಆಡುಮಾತಿನ ರೂಪ. ಕನ್ನಡದ ಶಾಸನಗಳು ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದವು. ಒಂದೇ ಹೋಬಳಿಯ ಸುತ್ತಿನಲ್ಲಿ ಒಂದೇ ನೀರಿಗೆ ಎರಡು ಭಾಷೆಯ ಹೆಸರು.

ಗೆರೆ ಎಳೆದವರು

ಈ ಗಡಿ ಹಳೆಯದಲ್ಲ, ಸಹಜವಾದದ್ದೂ ಅಲ್ಲ. ಎಂಟರಿಂದ ಹನ್ನೊಂದನೆಯ ಶತಮಾನದವರೆಗೆ ಇದು ನೊಳಂಬವಾಡಿಯ ನಡುಭಾಗ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಕನ್ನಡ ಶಾಸನಗಳೊಡನೆ ಈಗ ಆಂಧ್ರದ ಪಾಲಿಗಿದೆ. ನಿಡಗಲ್ಲಿನ ಚೋಳರು ಆಳಿದ ದುರ್ಗ ಪಾವಗಡ ತಾಲ್ಲೂಕಿನಲ್ಲಿದೆ. 1565ರ ನಂತರ ವಿಜಯನಗರದ ಅರಸರು ನೆಲೆಯಾಗಿಸಿಕೊಂಡ ಪೆನುಕೊಂಡೆ ಇಲ್ಲಿಂದ ಪೂರ್ವಕ್ಕೆ ಹೆಚ್ಚು ದೂರವಿಲ್ಲ. ಒಂದು ಕಾಲಕ್ಕೆ ರಾಜಧಾನಿಗಳೇ ಇದ್ದ ಸೀಮೆ ಇದು. ಇಂದು ಯಾವ ರಾಜಧಾನಿಗೂ ಹತ್ತಿರವಿಲ್ಲದ್ದು.

ಇಂದಿನ ಗೆರೆ ಮೂಡಿದ್ದು 1799 ಮತ್ತು 1800ರ ನಡುವೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಪಾವಗಡ ಒಡೆಯರ ಮೈಸೂರಿಗೆ ಉಳಿಯಿತು. ಮರುವರ್ಷ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಜೊತೆ ಅನಂತಪುರದ ಕಡೆಯ ನೆಲ ಮದ್ರಾಸಿಗೆ ಹೋಯಿತು. ಹೀಗೆ ಅಕ್ಕಪಕ್ಕದ ಊರುಗಳು ಎರಡು ಆಡಳಿತ, ಎರಡು ಕಂದಾಯ ಪದ್ಧತಿ, ಎರಡು ರೀತಿಯ ಶಾಲೆಗಳನ್ನು ಕಂಡವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂದರೂ ರಾಯದುರ್ಗ ಅನಂತಪುರಕ್ಕೆ ಸೇರಿತು. 1956ರ ಪುನರ್ವಿಂಗಡಣೆಯ ನಂತರವೂ ಪಾವಗಡ ಇತ್ತ, ಮಡಕಶಿರಾ ಅತ್ತ ಎಂಬುದು ಬದಲಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಅನಂತಪುರ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಪಾವಗಡದ ಸುತ್ತ ಈಗ ಒಂದರ ಬದಲು ಆಂಧ್ರದ ಎರಡು ಜಿಲ್ಲೆಗಳಿವೆ.

ಮಾತಿನ ವಿಚಾರಕ್ಕೆ ಬಂದರೆ, ಇಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಗಡಿಯಾಚೆಯ ಮಡಕಶಿರಾದಲ್ಲಿ ಇದಕ್ಕೆ ಅದಲುಬದಲಾಗಿ ಮನೆಯಲ್ಲಿ ಕನ್ನಡ ಮಾತನಾಡುವವರು ಸಾಕಷ್ಟಿದ್ದಾರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಕುರಿ ಮಂದೆಯ ದಾರಿಗಳೂ ಈ ಗೆರೆಯನ್ನು ಎಂದೂ ಲೆಕ್ಕಕ್ಕಿಟ್ಟಿಲ್ಲ. ಬೆಂಗಳೂರಿಗೆ ಗುಳೆ ಹೋದ ಪಾವಗಡದವನ ಮಾತು ಕೇಳಿದವರು ನೀವು ಆಂಧ್ರದವರಾ ಎನ್ನುತ್ತಾರೆ. ಹಿಂದೂಪುರದ ಮಂಡಿಯಲ್ಲಿ ಅದೇ ವ್ಯಕ್ತಿ ಕರ್ನಾಟಕದವನು. ಇದನ್ನು ಗೊಂದಲ ಎಂದು ಬರೆಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಎರಡು ಭಾಷೆಯ ಬದುಕು ಈ ಒಳನಾಡಿನ ಮೂಲ ಸ್ವಭಾವ. ಕೋಲಾರದಲ್ಲಿ, ಬಾಗೇಪಲ್ಲಿಯಲ್ಲಿ, ಪಾವಗಡದಲ್ಲಿ ಜನ ಅದನ್ನು ಕೊರತೆಯೆಂದು ಎಣಿಸದೆ ತಲೆಮಾರುಗಳಿಂದ ಬಾಳಿದ್ದಾರೆ. ಗೊಂದಲವಿರುವುದು ಒಂದು ಜಿಲ್ಲೆ, ಒಂದು ಭಾಷೆ, ಒಂದು ಗುರುತು ಎಂದು ಬಯಸುವ ನಕ್ಷೆಯಲ್ಲಿ.

ಆದರೆ ಅಂಚಿನಲ್ಲಿರುವುದಕ್ಕೆ ತೆರಬೇಕಾದ ಬೆಲೆಯೂ ಇದೆ. 2007–08ರಲ್ಲಿ ಮಂಜೂರಾದ, ಸುಮಾರು 207 ಕಿಲೋಮೀಟರ್ ಉದ್ದದ ರಾಯದುರ್ಗ–ತುಮಕೂರು ರೈಲು ಮಾರ್ಗ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿಗಳನ್ನು ಪೋಣಿಸಬೇಕಾದದ್ದು. ಎರಡು ರಾಜ್ಯಗಳ ಭೂಸ್ವಾಧೀನದ ನಡುವೆ ಅದು ವರ್ಷಾನುಗಟ್ಟಲೆ ತೆವಳಿತು. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ ನಡೆದಾಗ ರಾಜ್ಯದ ಗಮನ ಕೆಲವು ದಿನ ಇತ್ತ ತಿರುಗಿತು. ಆ ಮೇಲೆ ಪಾವಗಡ ದೊಡ್ಡದಾಗಿ ಸುದ್ದಿಯಾದದ್ದು ಬಿಸಿಲಿನ ಕಾರಣಕ್ಕೆ.

ಬಿಸಿಲು

2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಜಂಟಿ ಸಂಸ್ಥೆ ಸ್ಥಾಪನೆಯಾಯಿತು. ಅದು ನಾಗಲಮಡಿಕೆ ಹೋಬಳಿಯ ಕಡೆಯ ಐದು ಊರುಗಳನ್ನು ಆರಿಸಿಕೊಂಡಿತು: ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಸುಮಾರು 13,000 ಎಕರೆಯನ್ನು, ಎಂದರೆ ಸುಮಾರು 53 ಚದರ ಕಿಲೋಮೀಟರ್ ನೆಲವನ್ನು, ಕೊಳ್ಳದೆ 28 ವರ್ಷದ ಗುತ್ತಿಗೆಗೆ ಪಡೆಯಲಾಯಿತು. 2018ರ ಮಾರ್ಚ್ 1ರಂದು ಶಕ್ತಿಸ್ಥಳ ಎಂಬ ಹೆಸರಿನಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನ 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಮುಟ್ಟಿ ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳಲ್ಲಿ ಒಂದಾಯಿತು.

ಈ ಆಯ್ಕೆಯ ಹಿಂದಿನ ಭೂಗೋಳವನ್ನು ಗಮನಿಸಬೇಕು. ಮೋಡ ಕಡಿಮೆ, ಏರಿಳಿತ ಕಡಿಮೆ, ಮರ ಕಡಿಮೆ, ಒಂದೇ ಕಡೆ ಸಿಗುವ ವಿಶಾಲ ನೆಲ. ಯಾವ ಗುಣಗಳಿಂದ ಈ ತಾಲ್ಲೂಕು ನೂರಿನ್ನೂರು ವರ್ಷ ಸೋತಿತ್ತೋ ಅವೇ ಗುಣಗಳು ಒಂದು ದಿನ ಯೋಗ್ಯತೆಯಾಗಿ ಬದಲಾದವು. ಭೂಸ್ವಾಧೀನ ಮಾಡದೆ ಗುತ್ತಿಗೆಯ ದಾರಿ ಹಿಡಿದದ್ದು ಒಳ್ಳೆಯ ನಿರ್ಧಾರ ಎಂಬುದನ್ನು ನಾನು ಹಿಂಜರಿಯದೆ ಹೇಳುತ್ತೇನೆ. ರೈತನ ಹೆಸರು ಪಹಣಿಯಲ್ಲಿ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಬೀಜದ ಸಾಲವೂ ಹುಟ್ಟದೆ ಸೋತ ಕುಟುಂಬಕ್ಕೆ ಹತ್ತು ಎಕರೆಯಿಂದ ಖಚಿತವಾಗಿ ಬರುವ ಎರಡು ಲಕ್ಷ ಹತ್ತು ಸಾವಿರ ಎಂದರೆ ಏನೆಂಬುದನ್ನು ಬೆಂಗಳೂರಿನಲ್ಲಿ ಕುಳಿತು ಅಳೆಯಲಾಗದು. ಹಳೆಯ ಸಾಲ ತೀರಿಸಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ.

ಲೆಕ್ಕವನ್ನು ಮುಂದಕ್ಕೆ ಹಾಕಿ ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಶೇ 2.5ಕ್ಕೂ ತುಸು ಕಡಿಮೆ. ಅವಧಿಯ ಕೊನೆಯ ವರ್ಷಗಳಲ್ಲಿ ಗುತ್ತಿಗೆ ಎಕರೆಗೆ ಸುಮಾರು 39,600 ರೂಪಾಯಿ ಆಗಬಹುದು. ಬೆಲೆಗಳು ಅದಕ್ಕಿಂತ ವೇಗವಾಗಿ ಏರಿದರೆ, ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಏರಿವೆ, ಕಾಗದದ ಮೇಲೆ ಹೆಚ್ಚುವ ಹಣ ಕೈಯಲ್ಲಿ ಕರಗುತ್ತದೆ. ಇನ್ನೂ ದೊಡ್ಡ ಪ್ರಶ್ನೆ, ಕಾಗದವೇ ಇಲ್ಲದವರದು. ಬಗರ್‌ಹುಕುಂ, ಎಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ನೆಲದ ಸಾಗುವಳಿ ಮಾಡುತ್ತಿದ್ದು ದಾಖಲೆ ಸಿಗದವರು ಗುತ್ತಿಗೆ ಪತ್ರಕ್ಕೆ ಸಹಿ ಹಾಕಲಾರರು. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಣ್ಣುಮಕ್ಕಳಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ. ಫಲಕದಡಿಯ ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಮಾತ್ರ ಸಿಗುವಂಥವು. ಸುಗ್ಗಿಯ ನಂತರ ಹೊಲಗಳಲ್ಲಿ ಮಂದೆ ತಂಗಿಸಿ ಹೊಲದವನಿಗೆ ಗೊಬ್ಬರ, ಕುರಿಗೆ ಮೇವು ಎಂಬ ಕೊಡುಕೊಳ್ಳುವಿಕೆಯಲ್ಲಿ ಬದುಕಿದ್ದ ಕುರಿಗಾಹಿಗೆ ಈಗ ಎದುರಾಗಿರುವುದು ತಂತಿಬೇಲಿ. ನೆಲ ಒಬ್ಬನ ಹೆಸರಿನಲ್ಲಿದ್ದರೂ ಅದರ ಮೇಲೆ ಬದುಕುತ್ತಿದ್ದವರು ಹಲವರು ಎಂಬುದು ಒಳನಾಡಿನ ಬೇಸಾಯದ ನಿಜ. ಗುತ್ತಿಗೆ ಪತ್ರಕ್ಕೆ ಆ ಹಲವರನ್ನು ಕಾಣುವ ಕಣ್ಣಿಲ್ಲ.

ಈ ನೆಲವನ್ನು ಬಂಜರು ಎಂದು ಕರೆದು ಹೊಗಳುವ ಮಾತುಗಳನ್ನು ನಾನು ಬಹಳ ಕೇಳಿದ್ದೇನೆ, ಬಂಜರನ್ನು ಬಂಗಾರ ಮಾಡಿದರು ಎಂಬ ಧಾಟಿಯಲ್ಲಿ. ಅದು ಬಂಜರಾಗಿರಲಿಲ್ಲ. ಕಡಿಮೆ ಮಳೆಯಲ್ಲಿ, ಬಹಳ ಎಚ್ಚರದಿಂದ, ಬಹಳ ತಲೆಮಾರುಗಳು ಉತ್ತ ನೆಲ ಅದು. ಬರದ ನೆಲಕ್ಕೂ ಬಂಜರು ನೆಲಕ್ಕೂ ಇರುವ ವ್ಯತ್ಯಾಸವನ್ನು ಮರೆತರೆ ಪಾವಗಡದ ಜನರ ಅಷ್ಟೂ ಕಾಲದ ಜಾಣ್ಮೆಯನ್ನು ಅಳಿಸಿ ಹಾಕಿದಂತೆ.

ನೀರು ಬರುವ ದಾರಿ

ವಿದ್ಯುತ್ತು ಇಲ್ಲಿಂದ ಹೊರಗೆ ಹೋಗುತ್ತದೆ. ನೀರು ಹೊರಗಿನಿಂದ ಬರಬೇಕು. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳ ಊರುಗಳಿಗೆ ಕುಡಿಯಲು ತರುವ ಬಹುಗ್ರಾಮ ಯೋಜನೆ, ಫ್ಲೋರೈಡಿನ ಮಟ್ಟಿಗೆ ಇಲ್ಲಿ ಕೈಗೊಂಡ ಅತಿ ಮಹತ್ವದ ಕೆಲಸ. ಊರೂರಿನ ಶುದ್ಧ ನೀರಿನ ಘಟಕಗಳು ಕೆಟ್ಟು ನಿಂತಾಗ ಜನ ಮತ್ತೆ ಕೊಳವೆ ಬಾವಿಗೆ ಮರಳುತ್ತಿದ್ದರು. ದೂರದ ನದಿಯ ನೀರು ಮಾತ್ರ ಆ ಚಕ್ರವನ್ನು ಮುರಿಯಬಲ್ಲದು. ಹೊಲದ ನೀರಿಗೆ ಭದ್ರಾ ಮೇಲ್ದಂಡೆ ಯೋಜನೆಯ ಭರವಸೆಯಿದೆ. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ತುಂಬಿಸುತ್ತಿದೆ. ಅಂತರ್ಜಲ ಏರಿದೆ ಎಂಬ ಸಂತೋಷ ಅಲ್ಲಿದೆ, ಆ ನೀರು ಎರಡೇ ಹಂತದಲ್ಲಿ ಶುದ್ಧವಾಗಿ ಬರುತ್ತದೆ ಎಂಬ ಆತಂಕವೂ ಇದೆ. ಈ ಮೂರೂ ಯೋಜನೆಗಳಲ್ಲಿ ಒಂದು ಸಂಗತಿ ಸಮಾನ. ತನ್ನ ನೆಲದಲ್ಲಿ ಬಿದ್ದ ಮಳೆಯನ್ನು ತಾನೇ ಹಿಡಿದು ಬಾಳಿದ್ದ ಸೀಮೆ ಈಗ ಕೊಳವೆಯ ಆಚೆ ತುದಿಯಲ್ಲಿರುವವರ ನಿರ್ಧಾರಕ್ಕೆ ಕಾಯಬೇಕಾಗಿದೆ. ಬಳ್ಳಾರಿ ಜಾಲಿ ತುಂಬಿದ ಕೆರೆಯಂಗಳವನ್ನು ಬಿಡಿಸಿ, ಮುಚ್ಚಿದ ಕಾಲುವೆಯನ್ನು ತೆರೆದರೆ ಈ ಪರಾಧೀನತೆ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. ಆ ಕೆಲಸಕ್ಕೆ ಬೇಕಾದ ಹಣ ದೊಡ್ಡ ಯೋಜನೆಗಳ ಪಕ್ಕದಲ್ಲಿ ಏನೇನೂ ಅಲ್ಲ.

ಚಕ್ಕುಬಂದಿ

ನಮ್ಮ ಕಡೆಯ ಕ್ರಯಪತ್ರಗಳಲ್ಲಿ ಜಮೀನಿನ ಗುರುತನ್ನು ಚಕ್ಕುಬಂದಿಯಿಂದ ಹೇಳುವುದು ವಾಡಿಕೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಕೆರೆಗೆ ಹೋಗುವ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹುಣಸೆಮರವಿರುವ ಬದು. ಒಂದು ಹೊಲ ಯಾವುದು ಎಂಬುದನ್ನು ಅದರ ನೆರೆಹೊರೆಯಿಂದ ತಿಳಿಯುವ ಪದ್ಧತಿ ಅದು. ಐದು ಊರುಗಳ ಸೌರ ಉದ್ಯಾನದಲ್ಲಿ ಫಲಕಗಳನ್ನು ಸಾಲಾಗಿ ನಿಲ್ಲಿಸಲು ನೆಲವನ್ನು ಸಮ ಮಾಡಿದಾಗ ಬದುಗಳು ಹೋದವು, ಮರಗಳು ಹೋದವು, ಬಂಡಿದಾರಿಗಳು ಬೇಲಿಯೊಳಗೆ ಸೇರಿದವು. ಸರ್ವೆ ನಂಬರುಗಳು ದಾಖಲೆಯಲ್ಲಿವೆ, ನಕ್ಷೆಗಳಿವೆ, ಗುತ್ತಿಗೆಯ ಹಣವೂ ಬರುತ್ತಿದೆ. ಆದರೆ 28 ವರ್ಷ ತುಂಬುವುದು 2040ರ ದಶಕದ ನಡುವಿನಲ್ಲಿ. ಸಹಿ ಹಾಕಿದ ದಿನ ನಲವತ್ತರ ವಯಸ್ಸಿನಲ್ಲಿದ್ದ ರೈತ ಅಷ್ಟು ಹೊತ್ತಿಗೆ ಎಪ್ಪತ್ತರ ಅಂಚಿನಲ್ಲಿರುತ್ತಾನೆ. ಅವನ ಮಗ ಆ ಹೊಲದಲ್ಲಿ ಒಮ್ಮೆಯೂ ಕೂರಿಗೆ ಹಿಡಿದಿರುವುದಿಲ್ಲ. ಗುತ್ತಿಗೆ ಮುಗಿದ ದಿನ ತಂದೆ ಮಗನನ್ನು ಕರೆದುಕೊಂಡು ಹೋಗಿ ಇದು ನಮ್ಮದು ಎಂದು ತೋರಿಸಬೇಕಾದರೆ ಯಾವ ಬದುವಿನ ಮೇಲೆ ನಿಂತು ತೋರಿಸಬೇಕು ಎಂಬುದಕ್ಕೆ ಈಗಲೇ ಉತ್ತರ ಬರೆದಿಡಬೇಕು. ಐದೂ ಊರುಗಳ ಹಳ್ಳ, ಕಾಲುವೆ, ದಾರಿ, ಬದು, ಮರಗಳನ್ನು ಅಲ್ಲಿನ ಹಿರಿಯರ ಬಾಯಿಂದ ಕೇಳಿ, ಅವರು ಕರೆಯುವ ಹೆಸರಿನಲ್ಲೇ, ತೆಲುಗಾದರೆ ತೆಲುಗಿನಲ್ಲಿ, ಕನ್ನಡವಾದರೆ ಕನ್ನಡದಲ್ಲಿ ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳುವ ಕೆಲಸವನ್ನು ಆಯಾ ಗ್ರಾಮ ಪಂಚಾಯಿತಿಗಳೇ ಕೈಗೆತ್ತಿಕೊಳ್ಳಬಹುದು. ಆ ಹಿರಿಯರು ಇನ್ನೂ ಊರಿನಲ್ಲಿದ್ದಾರೆ.